‘ಇಲ್ಲ’ ಎಂದು ಬರೆದಾಗ ಬಂದವನು

ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು ಕಳಿಸಿದರು. ಕಾಯಿ ಮರುದಿನವೇ ಚಟ್ನಿಯಾಯಿತು. ಶಾಲು ಟ್ರಂಕಿನಲ್ಲಿದೆ. ಗಡಹಿಂಗ್ಲಜದ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನನ್ನ ಜಾಗಕ್ಕೆ ಬಂದಿರುವ ರೇಖಾ ಮಾತ್ರ ನನ್ನನ್ನು ಬಿಡುತ್ತಿಲ್ಲ. "ಬಾಯಾರ, ಪುಸ್ತಕದಾಗ ಇದ್ದದ್ದು ಪುಸ್ತಕದಾಗ ಐತಿ. ಅದರಾಗ ಇಲ್ಲದ್ದು ಬರೆದು ಕೊಡ್ರಿ" ಎಂದು ಗಂಟು ಬಿದ್ದಿದ್ದಾಳೆ. ನಮ್ಮ ಕಡೆ ಟೀಚರಮ್ಮನಿಗೆ ಬಾಯಾರು ಎನ್ನುತ್ತಾರೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಏರಿದ್ದೂ ಅಷ್ಟರಲ್ಲೇ ಇದೆ. ಈ ಕೆಲಸದಲ್ಲಿ ನನ್ನ ಮೈ ಝುಂ ಎಂದ ಸಂಗತಿಗಳನ್ನು ಬರೆಯುತ್ತೇನೆ, ಅವು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಮೊದಲ ಪಾಠದಿಂದಲೇ ಶುರು ಮಾಡಬೇಕು, ಏಕೆಂದರೆ ಮುಂದೆ ಹೇಳುವುದೆಲ್ಲ ಅದರ ಮೇಲೆ ನಿಂತಿದೆ. ಜಾವಾಸ್ಕ್ರಿಪ್ಟ್ ಎಂದರೆ ವೆಬ್ ಪುಟದೊಳಗೆ ಕೂತು ಕೆಲಸ ಮಾಡುವ ಭಾಷೆ. ಬಟನ್ ಒತ್ತಿದರೆ ಏನಾಗಬೇಕು, ಪುಟದ ಚೌಕಿನಲ್ಲಿ ಬರೆದದ್ದು ಎಲ್ಲಿಗೆ ಹೋಗಬೇಕು ಎಂದು ಅದಕ್ಕೆ ಹೇಳಿಕೊಡಬೇಕು. ಹೇಳದಿದ್ದರೆ ತಾನೇ ಊಹಿಸುತ್ತದೆ, ಆ ಊಹೆ ಅಳಿಯನ ಅಡುಗೆಯಂತೆ, ಉಪ್ಪು ಇದ್ದರೆ ಖಾರ ಇರುವುದಿಲ್ಲ. ಅದರಲ್ಲಿ ಮಾಹಿತಿ ಇಡುವ ಜಾಗವನ್ನು ನಾನು ಹೆಸರು ಹಚ್ಚಿದ ಡಬ್ಬಿ ಎನ್ನುತ್ತಿದ್ದೆ. ಒಂದು ಡಬ್ಬಿಯಲ್ಲಿ ಸಂಖ್ಯೆ, ಒಂದರಲ್ಲಿ ಅಕ್ಷರ, ಅಂದರೆ ಸ್ಟ್ರಿಂಗ್. ಇನ್ನೊಂದರಲ್ಲಿ ಬರೀ ‘ಹೌದು’ ಅಥವಾ ‘ಅಲ್ಲ’, ಅದಕ್ಕೆ ಬೂಲಿಯನ್ ಎನ್ನುತ್ತಾರೆ.

ಇಲ್ಲಿಯವರೆಗೆ ಎಲ್ಲ ಮಕ್ಕಳಿಗೂ ತಿಳಿಯುತ್ತದೆ. ಗೋಳು ಶುರುವಾಗುವುದು ಖಾಲಿ ಡಬ್ಬಿಯಿಂದ. ಅದಕ್ಕೆ ನನಗೆ ನೆರವಾದದ್ದು ನನ್ನ ಅವ್ವನ ಮಾತು. ನಮ್ಮ ಮನೆಯಲ್ಲಿ ಅರಿಶಿಣ ಮುಗಿದರೆ ‘ಇಲ್ಲ’ ಎನ್ನುವ ಹಾಗಿರಲಿಲ್ಲ. "ಅರಿಷಿಣ ಹೆಚ್ಚಾಗೇತಿ, ತರ್ರಿ" ಎನ್ನಬೇಕು. ಬಳೆ ಒಡೆದರೂ "ಬಳಿ ಹೆಚ್ಚಾದುವು". ಮನೆ ಬಿಟ್ಟು ಹೊರಟವರು "ಹೋಗತೇನಿ" ಎನ್ನಬಾರದು, "ಬರತೇನಿ" ಎನ್ನಬೇಕು. ಮರಾಠಿ ಮನೆಯ ಮಕ್ಕಳೂ ಹೊರಡುವಾಗ "ಯೇತೋ" ಎಂದೇ ಅನ್ನುತ್ತಿದ್ದರು, ಅದೂ ‘ಬರುತ್ತೇನೆ’ಯೇ. ಇಷ್ಟು ಬಗೆಯಲ್ಲಿ ‘ಇಲ್ಲ’ವನ್ನು ಅಡಗಿಸಿಡುವ ಜನರಿಗೆ ಕಂಪ್ಯೂಟರಿನ ‘ಇಲ್ಲ’ಗಳನ್ನು ಕಲಿಸುವುದು ಕಷ್ಟವಾಗಲಿಲ್ಲ. ಎಣಿಸಿ ನೋಡಿ ಏನೂ ಸಿಗದಿದ್ದರೆ ಸೊನ್ನೆ. ಏನೂ ಬರೆಯದ ಚೀಟಿ ಇದ್ದರೆ ಖಾಲಿ ಸ್ಟ್ರಿಂಗ್. ಬೇಕೆಂದೇ ತೊಳೆದು ಬೋರಲು ಹಾಕಿದ ಡಬ್ಬಿ ನಲ್. ಹೆಸರು ಹಚ್ಚಿ ಇಟ್ಟಿದ್ದೇವೆ, ಇನ್ನೂ ಯಾರೂ ಏನೂ ಹಾಕಿಲ್ಲ, ನಾಳೆ ಹಾಕಿದರೂ ಹಾಕಬಹುದು ಎನ್ನುವಂಥದ್ದು ಅನ್‌ಡಿಫೈನ್ಡ್.

ಈ ಕೆಲಸಕ್ಕೆ ನನ್ನನ್ನು ಹಚ್ಚಿದವರು ಕೊಲ್ಹಾಪುರದ ದೇಸಾಯಿ ಸರ್. ಚಪ್ಪಲಿ ಅಂಗಡಿಗಳ ಮೇಲಿನ ಮಾಳಿಗೆಯಲ್ಲಿ ಅವರ ಪುಟ್ಟ ಕಚೇರಿ. ವ್ಯಾಪಾರಿಗಳಿಗೆ ವೆಬ್ ಪುಟ ಮಾಡಿಕೊಡುತ್ತಿದ್ದೆವು. ಕೆಳಗಿನಿಂದ ಹೊಸ ಚರ್ಮದ ವಾಸನೆ ಸದಾ ಬರುತ್ತಿತ್ತು. ಸರ್ ಕನ್ನಡ ಮಾತಾಡುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ಮರಾಠಿ. ಒಮ್ಮೆ ಬೆಲ್ಲದ ವ್ಯಾಪಾರಿಯೊಬ್ಬರಿಗೆ ಮಾಡಿಕೊಟ್ಟ ಪುಟದಲ್ಲಿ ಎರಡು ಪೆಂಟೆ ಬೆಲ್ಲಕ್ಕೆ ಮೂರು ಪೆಂಟೆ ಕೂಡಿಸಿದರೆ ಇಪ್ಪತ್ತಮೂರು ಪೆಂಟೆ ಬರತೊಡಗಿತು. ಚೌಕಿನಲ್ಲಿ ಬರೆದ ಎರಡನ್ನೂ ಮೂರನ್ನೂ ಯಂತ್ರ ಸಂಖ್ಯೆ ಎಂದು ತಿಳಿಯದೆ ಅಕ್ಷರ ಎಂದು ತಿಳಿದು ಪಕ್ಕಪಕ್ಕ ಅಂಟಿಸಿತ್ತು. ಆ ವ್ಯಾಪಾರಿ ಮೆಟ್ಟಿಲು ಹತ್ತಿ ಬಂದು, "ಸಾಹೇಬರ, ಈ ನಿಮ್ಮ ಯಂತ್ರಾನ ನನ್ನ ಗೋಡಾವುನ್ದಾಗ ಕೂಡಸ್ರಿ. ಬೆಲ್ಲ ತಾನ ಹುಟ್ಟತೈತಿ" ಎಂದು ಹೊಟ್ಟೆ ಹಿಡಿದು ನಕ್ಕರು. ಸರ್ ನಗಲಿಲ್ಲ. ನನ್ನ ಕಡೆ ತಿರುಗಿ, "ಮಾಣಸಾಚೀ ಜಾತ ವಿಚಾರೂ ನಯೇ, ಡೇಟಾಚೀ ವಿಚಾರಲ್ಯಾಶಿವಾಯ ಸೋಡೂ ನಯೇ" ಎಂದರು. ಮನುಷ್ಯರ ಜಾತಿ ಕೇಳಬಾರದು, ಡೇಟಾದ ಜಾತಿ ಕೇಳದೆ ಬಿಡಬಾರದು. ನನ್ನ ಇಡೀ ವೃತ್ತಿಗೆ ಆ ಒಂದು ಬೈಗುಳ ಸಾಕಾಯಿತು.

ಡೇಟಾದ ಜಾತಿ ಕೇಳಲು ಆ ಭಾಷೆಯಲ್ಲೇ ಒಂದು ಪದವಿದೆ, ಟೈಪ್‌ಆಫ್. ಬೋರಲು ಹಾಕಿದ ಡಬ್ಬಿಗೆ, ಅಂದರೆ ನಲ್‌ಗೆ, ‘ನೀನು ಯಾರು’ ಎಂದು ಕೇಳಿದರೆ ಅದು ‘ನಾನೊಂದು ವಸ್ತು’ ಎನ್ನುತ್ತದೆ. ಭಾಷೆ ಮಾಡಿದವರ ಹಳೆಯ ತಪ್ಪು ಅದು. ತಿದ್ದಿದರೆ ಎಷ್ಟೋ ಪುಟಗಳು ಕೆಡುತ್ತವೆ ಎಂದು ಹಾಗೇ ಬಿಟ್ಟಿದ್ದಾರೆ. ಇಲ್ಲದ್ದು ತಾನು ಇದ್ದೇನೆ ಎನ್ನುವುದನ್ನು ಮೊದಲ ಸಲ ಪರದೆಯ ಮೇಲೆ ನೋಡಿದಾಗ ನನಗೆ ಯಾಕೋ ಹಿಂದೆ ತಿರುಗಿ ನೋಡಬೇಕೆನಿಸಿತು. ಹಿಂದೆ ದೇಸಾಯಿ ಸರ್ ಚಹಾ ಕುಡಿಯುತ್ತಿದ್ದರು.

ಮುಂದೆ ಇಚಲಕರಂಜಿಯಲ್ಲಿ ನಾನೇ ಒಂದು ಕಂಪ್ಯೂಟರ್ ಕ್ಲಾಸ್ ತೆರೆದೆ. ನನ್ನ ಕ್ಲಾಸಿಗೆ ಬರುತ್ತಿದ್ದವರು ಹೆಚ್ಚಾಗಿ ಮಗ್ಗದ ಕೆಲಸಗಾರರ ಮಕ್ಕಳು. ಬೀದಿಯ ಎರಡೂ ಬದಿಗೆ ಪವರ್‌ಲೂಮ್ ಶೆಡ್ಡುಗಳು, ನೆಲವೇ ಖಟಖಟ ನಡುಗುತ್ತಿತ್ತು. ಆ ಸದ್ದಿನಲ್ಲೇ ಪಾಠ. ಕರೆಂಟು ಹೋಗಿ ಮಗ್ಗಗಳು ನಿಂತರೆ ಆ ಮೌನಕ್ಕೆ ಮಕ್ಕಳು ಹೆದರಿ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಒಂದು ದಿನ ‘ಸಂಖ್ಯೆಯಲ್ಲ’ ಎಂಬ ಬೆಲೆಯ ಬಗ್ಗೆ ಹೇಳುತ್ತಿದ್ದೆ. ಹೆಸರನ್ನು ಐದರಿಂದ ಗುಣಿಸು ಎಂದರೆ ಯಂತ್ರ ಕೊಡುವ ಉತ್ತರ ಅದು. ಅದರ ಜಾತಿ ಕೇಳಿದರೆ ‘ಸಂಖ್ಯೆ’ ಎನ್ನುತ್ತದೆ. ನೀನು ನಿನಗೇ ಸಮ ಏನು ಎಂದು ಕೇಳಿದರೆ ‘ಅಲ್ಲ’ ಎನ್ನುತ್ತದೆ. ಅಷ್ಟರಲ್ಲಿ ಕರೆಂಟು ಹೋಯಿತು. ಆ ಮೌನದಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು, "ತನಗ ತಾನ ಸಮ ಅಲ್ಲ ಅಂದ್ರ ಅದು ದೆವ್ವ ಅಲ್ಲೇನ್ರಿ ಮ್ಯಾಡಮ್?" ಎಂದು ಪಿಸುಗುಟ್ಟಿದಳು. ಯಾರೂ ನಗಲಿಲ್ಲ. ನಾನು ನಕ್ಕೆ, ಆದರೆ ಅದು ಧೈರ್ಯಕ್ಕೆ ನಕ್ಕ ನಗು.

ಈಗ ಮಲ್ಲಪ್ಪನ ವಿಷಯ.

ನಮ್ಮ ಕ್ಲಾಸಿನ ಹಿಂದಿನ ಶೆಡ್ಡಿನಲ್ಲಿ ಕೆಲಸಗಾರರ ಹಾಜರಿಗೆ ಒಂದು ವೆಬ್ ಪುಟವಿತ್ತು. ಯಾರು ಮಾಡಿಕೊಟ್ಟದ್ದೋ, ಮಾಲೀಕರು ಹೊರಗಿನಿಂದ ತರಿಸಿದ್ದರು. ಕೆಲಸಕ್ಕೆಂದು ಹೊರಟ ಗಂಡಂದಿರು ದಾರಿಯಲ್ಲಿ ಬೇರೆ ಕಡೆ ತಿರುಗುತ್ತಾರೆ ಎಂದು ಹೆಂಡಂದಿರು ಗದ್ದಲ ಹಾಕಿದ್ದಕ್ಕೆ ಅದು ಬಂದದ್ದು. ಮುಂಜಾನೆ ಮುಕಾದಮ, ಅಂದರೆ ಕೆಲಸ ನೋಡಿಕೊಳ್ಳುವವನು, ತನ್ನ ಫೋನಿನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದಿನ ಚೌಕನ್ನು ತುಂಬುತ್ತಿದ್ದ. ಬಂದವರ ಮನೆಗೆ ‘ಇಂಥವರು ಕೆಲಸಕ್ಕ ಬಂದಾರ’ ಎಂಬ ಮೆಸೇಜು ತಾನಾಗಿ ಹೋಗುತ್ತಿತ್ತು. ಬಾರದವರ ಮನೆಗೆ ಏನೂ ಹೋಗುತ್ತಿರಲಿಲ್ಲ. ಮೆಸೇಜು ಬಾರದ ಮನೆಯಲ್ಲಿ ಸಂಜೆ ಏನಾಗುತ್ತಿತ್ತು ಎಂಬುದು ಓಣಿಗೆಲ್ಲ ಕೇಳುತ್ತಿತ್ತು ಬಿಡಿ.

ಮುಕಾದಮನ ಹೆಸರು ಸಿದ್ರಾಮಪ್ಪ. ಮಲ್ಲಪ್ಪ ಅವನ ಕೈಕೆಳಗೆ ಮಗ್ಗ ನಡೆಸುತ್ತಿದ್ದವನು, ಅವನದೇ ಸೀಮೆಯ ಹುಡುಗ. ಆ ಮಳೆಗಾಲದಲ್ಲಿ ಹೊಳೆ ಏರಿ ಬಂತು. ಯಾರದೋ ಎಮ್ಮೆಯ ಹಗ್ಗ ಬಿಚ್ಚಿಬಿಡಲು ಮಲ್ಲಪ್ಪ ನೀರಿಗಿಳಿದ. ಎಮ್ಮೆ ದಂಡೆ ಹತ್ತಿತು. ಮಲ್ಲಪ್ಪನನ್ನು ಮತ್ತೆ ಯಾರೂ ನೋಡಲಿಲ್ಲ. ನೀರಿಳಿದ ಮೇಲೆ ಕೆಸರಿನಲ್ಲಿ ಹುಡುಕಿದರು, ಕೆಳಗಿನ ಊರುಗಳಲ್ಲಿ ಕೇಳಿದರು, ದೇಹ ಸಿಗಲಿಲ್ಲ.

ಶೆಡ್ಡು ಮತ್ತೆ ಶುರುವಾದ ದಿನ ಮುಂಜಾನೆ ಅವನ ಹೆಂಡತಿ ಗಂಗವ್ವನ ಫೋನಿಗೆ ಮೆಸೇಜು ಬಂತು. ‘ಮಲ್ಲಪ್ಪ ಕೆಲಸಕ್ಕ ಬಂದಾನ.’

ಆಕೆ ಬರಿಗಾಲಲ್ಲಿ ಓಡಿ ಬಂದಳಂತೆ. ಮಲ್ಲಪ್ಪನ ಮಗ್ಗಗಳು ನಿಂತಿದ್ದವು. ಸಿದ್ರಾಮಪ್ಪ ದೇವರಾಣೆ ಮಾಡಿ ಬಂದಿಲ್ಲ ಎಂದ. ಮರುದಿನ ಮತ್ತೆ ಬಂತು. ಅದರ ಮರುದಿನವೂ ಬಂತು. ಆಮೇಲೆ ಗಂಗವ್ವ ಕೇಳುವುದನ್ನು ಬಿಟ್ಟಳು. ಮೆಸೇಜು ಬಂದ ಕೂಡಲೇ ರೊಟ್ಟಿ ಪಲ್ಯದ ಬುತ್ತಿ ಕಟ್ಟಿ ತಂದು ಶೆಡ್ಡಿನ ಬಾಗಿಲಲ್ಲಿ ಇಟ್ಟು ಹೋಗತೊಡಗಿದಳು. ಸಂಜೆ ಬುತ್ತಿಯ ಡಬ್ಬಿ ಖಾಲಿಯಾಗಿ ಮನೆಗೆ ಬರುತ್ತಿತ್ತು. ಮಲ್ಲಪ್ಪನ ಮಗ್ಗಗಳ ಪಕ್ಕ ನಿಲ್ಲಲು ಕೆಲಸಗಾರರು ಒಲ್ಲೆ ಎಂದರು. ಮಗ್ಗ ನಿಂತಿದ್ದರೂ ಅಲ್ಲಿ ನೂಲಿನ ಧೂಳು ಹಾರುತ್ತದೆ ಎಂದು ಒಬ್ಬ, ಬೆವರಿನ ವಾಸನೆ ಬರುತ್ತದೆ ಎಂದು ಇನ್ನೊಬ್ಬ.

ನನ್ನ ಹತ್ತಿರ ಬಂದವನು ಮಲ್ಲಪ್ಪನ ಅಣ್ಣ ಭೀಮಪ್ಪ. ಊರಿನಿಂದ ಬಂದಿದ್ದ, ಕಣ್ಣು ಒಳಗೆ ಹೋಗಿದ್ದವು.

"ಬಾಯಾರ, ಊರಾಗ ಅಂವನ ದಿನಕರ್ಮ ಮಾಡಬೇಕ್ರಿ. ಅವ್ವ ಅನ್ನ ಬಿಟ್ಟಾಳ. ಗಂಗವ್ವ ಒಲ್ಲೆ ಅಂತಾಳ. ದಿನಾ ಬಂದಾನ ಅಂತ ಬರತೈತಿ, ಬುತ್ತಿ ಉಣ್ಣಾಕತ್ತಾನ, ನಾ ಹೆಂಗ ಕುಂಕುಮ ಅಳಸ್ಲಿ ಅಂತಾಳ. ಏನ್ ಹೇಳೂದ್ರಿ ಆಕಿಗೆ? ಈ ಮೆಸೇಜು ಒಂದು ನಿಂದರಸ್ರಿ."

"ಪ್ರೋಗ್ರಾಮು ಕೆಟ್ಟಿರಬೇಕು, ನೋಡತೇನಿ" ಎಂದೆ.

"ಕೆಟ್ಟಿದ್ರ ಎಲ್ಲಾರಿಗೂ ಕೆಡಬೇಕಲ್ರಿ? ರಜಾ ಮಾಡಿದವರಿಗೆ ಬರಂಗಿಲ್ಲ. ಸತ್ತಾವಗ ಅಷ್ಟ ಬರತೈತಿ."

ಮರುದಿನ ಮುಂಜಾನೆ ಶೆಡ್ಡಿಗೆ ಹೋಗಿ ಸಿದ್ರಾಮಪ್ಪನ ಪಕ್ಕ ನಿಂತೆ. ಗಂಗವ್ವ ಬುತ್ತಿ ಹಿಡಿದು ಬಾಗಿಲಲ್ಲಿದ್ದಳು, ಆ ದಿನ ಮೆಸೇಜಿಗೂ ಮೊದಲೇ ಬಂದಿದ್ದಳು. ಇನ್ನೊಂದು ಕೈಯಲ್ಲಿ ಫೋನಿತ್ತು. ಸಿದ್ರಾಮಪ್ಪ ಒಂದೊಂದೇ ಹೆಸರಿಗೆ ಬರುತ್ತಿದ್ದ. ಬಂದವರ ಮುಂದೆ ‘ಹೌದು’ ಎಂದು ಬರೆದ. ಬಾರದವರ ಚೌಕನ್ನು ಹಾಗೇ ಬಿಟ್ಟ. ಮಲ್ಲಪ್ಪನ ಹೆಸರು ಬಂದಾಗ ಅವನ ಬೆರಳು ನಿಂತಿತು. ತುಟಿ ಅಲ್ಲಾಡಿಸುತ್ತ ‘ಇಲ್ಲ’ ಎಂದು ಬರೆದ, ಹಣೆ ಮುಟ್ಟಿಕೊಂಡ, ಕೆಳಗಿನ ಬಟನ್ ಒತ್ತಿದ.

ಬಾಗಿಲಲ್ಲಿ ಗಂಗವ್ವನ ಫೋನು ಟಿಂಗ್ ಎಂದಿತು.

ನನ್ನ ಬೆನ್ನಿನಲ್ಲಿ ಚಳಿ ಇಳಿಯಿತು. ಕಾರಣ ಆಗಲೇ ತಿಳಿದಿತ್ತು. ತಿಳಿದದ್ದಕ್ಕೇ ಚಳಿ ಇಳಿಯಿತು ಎಂದರೂ ಸರಿ.

"ಸಿದ್ರಾಮಪ್ಪ, ರಜಾ ಮಾಡಿದವರಿಗೆ ಯಾಕ ‘ಇಲ್ಲ’ ಅಂತ ಬರೀಲಿಲ್ಲ?"

"ಬದುಕಿದ್ದವರ ಹೆಸರಿನ ಮುಂದ ‘ಇಲ್ಲ’ ಅಂತ ಹೆಂಗ ಬರೀಲ್ರಿ ಬಾಯಾರ? ಇವತ್ತ ಬಂದಿಲ್ಲ, ನಾಳೆ ಬರತಾರ. ಖಾಲಿ ಬಿಡತೇನಿ. ಇಂವಾ ಇನ್ನ ಬರಾವಲ್ಲ. ಇಂವಗೊಬ್ಬಂಗ ಬರದೇನಿ. ದಿನಾ ಬರೆಯೂ ಮುಂದ ಕರಳ ಕಿತ್ತ ಬರತೈತ್ರಿ."

ಪುಟ ಮಾಡಿದವನು ಯಂತ್ರಕ್ಕೆ ಹೇಳಿದ್ದು ಒಂದೇ ಮಾತು, ಚೌಕಿನಲ್ಲಿ ಏನಾದರೂ ಇದ್ದರೆ ಬಂದಿದ್ದಾನೆ ಎಂದು ತಿಳಿ, ಖಾಲಿ ಇದ್ದರೆ ಬಂದಿಲ್ಲ ಎಂದು ತಿಳಿ. ಜಾವಾಸ್ಕ್ರಿಪ್ಟಿನಲ್ಲಿ ಖಾಲಿ ಸ್ಟ್ರಿಂಗ್ ‘ಅಲ್ಲ’ಕ್ಕೆ ಸಮ. ಒಂದೇ ಒಂದು ಅಕ್ಷರ ಇದ್ದರೂ ಅದು ‘ಹೌದು’. ಆ ಅಕ್ಷರ ‘ಇಲ್ಲ’ ಎಂಬುದೇ ಆಗಿದ್ದರೂ ಹೌದು. ನಮ್ಮವರಲ್ಲದೆ ಬೇರೆ ಯಾರಾದರೂ ಮುಕಾದಮ ಆಗಿದ್ದರೆ ಮೊದಲ ರಜೆಯ ದಿನವೇ ಯಾರದೋ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದು ತಪ್ಪನ್ನು ಹೊರಗೆ ಹಾಕಿರುತ್ತಿದ್ದ. ಇಲ್ಲಿ ಬದುಕಿದ್ದವರಿಗೆ ಯಾರೂ ಹಾಗೆ ಬರೆಯಲಿಲ್ಲ. ಆ ಯಂತ್ರ ಸತ್ತವನನ್ನು ಮಾತ್ರ ಕರೆತರುತ್ತಿತ್ತು.

ಇದನ್ನು ಗಂಗವ್ವನಿಗೆ ಹೇಳಬೇಕಿತ್ತು. ನೂರಾರು ಮಕ್ಕಳಿಗೆ ಕಲಿಸಿದ ಪಾಠವೇ ಅದು.

"ಗಂಗವ್ವ, ಸಕ್ಕರಿ ಡಬ್ಬಿ ಖಾಲಿ ಆಗೈತಿ ಅಂತ ತಿಳಿ. ಅದರಾಗ ‘ಸಕ್ಕರಿ ಇಲ್ಲ’ ಅಂತ ಒಂದು ಚೀಟಿ ಬರದ ಹಾಕಿದ್ರ, ಡಬ್ಬಿ ಖಾಲಿ ಅಲ್ಲ. ಚೀಟಿ ಐತಿ. ಈ ಯಂತ್ರ ಚೀಟಿ ಓದಂಗಿಲ್ಲ. ಡಬ್ಬಿ ಅಲ್ಲಾಡಿಸಿ ನೋಡತೈತಿ. ಸಪ್ಪಳ ಬಂತಂದ್ರ, ಐತಿ ಅಂತೈತಿ."

ಆಕೆ ಕೈಯಲ್ಲಿದ್ದ ಫೋನನ್ನು ನೋಡಿದಳು. ಆಮೇಲೆ ಕೇಳಿದಳು, "ಇಲ್ಲ ಅಂತ ಬರದಿದ್ದಕ್ಕ ಬರತಿದ್ದಾ?"

"ಹೌದವ್ವ."

"ಮತ್ತ ಬುತ್ತಿ ಯಾರ ಉಂಡ್ರು?"

ಸಿದ್ರಾಮಪ್ಪ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. "ತುಂಬಿದ ಬುತ್ತಿ ಹೊಳ್ಳಿ ಹೆಂಗ ಕಳಸ್ಲಿ ನಮ್ಮವ್ವಾ? ಗೇಟಿನ ನಾಯಿಗೆ ಹಾಕಿ, ಡಬ್ಬಿ ತೊಳದ ಕಳಸ್ತಿದ್ದೆ."

ಅವನ ಕರುಣೆಯೂ ಯಂತ್ರದ ತಪ್ಪೂ ಸೇರಿ ಒಬ್ಬ ಮನುಷ್ಯನನ್ನು ಅಷ್ಟು ದಿನ ಬದುಕಿಸಿಟ್ಟಿದ್ದವು. ನನಗೆ ಆ ಹೊತ್ತಿನಲ್ಲಿ ಇಬ್ಬರ ಮೇಲೂ ಸಿಟ್ಟು ಬರಲಿಲ್ಲ, ದುಃಖವಾಯಿತು. ಗಂಗವ್ವ ಬುತ್ತಿಯನ್ನು ನೆಲಕ್ಕಿಟ್ಟು ಸಿದ್ರಾಮಪ್ಪನ ಕೈಯಿಂದ ಫೋನು ತೆಗೆದುಕೊಂಡಳು. ಮಲ್ಲಪ್ಪನ ಹೆಸರು ಹುಡುಕಿದಳು. ‘ಇಲ್ಲ’ವನ್ನು ತಾನೇ ಒಂದೊಂದು ಅಕ್ಷರವಾಗಿ ಅಳಿಸಿದಳು.

"ಎಲ್ಲಾರಂಗ ಇಂವಂದೂ ಖಾಲಿ ಬಿಡ್ರಿ" ಎಂದಳು.

ಮರುದಿನ ಮೆಸೇಜು ಬರಲಿಲ್ಲ. ಆಮೇಲೆ ಬಂದದ್ದೂ ಇಲ್ಲ. ಪ್ರೋಗ್ರಾಮನ್ನು ನಾನು ನೆಟ್ಟಗೆ ಮಾಡಿದೆ, ಚೌಕಿನಲ್ಲಿ ಏನಿದೆ ಎಂದು ಓದಿ ‘ಹೌದು’ ಇದ್ದರೆ ಮಾತ್ರ ಹೌದು ಎನ್ನುವಂತೆ. ರೇಖಾ, ಇದನ್ನು ನಿನ್ನ ಮಕ್ಕಳಿಗೆ ಮೊದಲ ವಾರದಲ್ಲೇ ಹೇಳು. ಈಗ ಫೋನಿಗೆ ಕೇಳಿದರೆ ಅದೇ ಪ್ರೋಗ್ರಾಮು ಬರೆದು ಕೊಡುತ್ತದೆ, ನಾವು ಆಗ ಒಂದು ಚುಕ್ಕೆಗಾಗಿ ಇಡೀ ದಿನ ಕಣ್ಣು ಕೆಡಿಸಿಕೊಳ್ಳುತ್ತಿದ್ದೆವು. ಆದರೆ ಯಾವ ಊರಿನವರು ಯಾವ ಚೌಕನ್ನು ಯಾಕೆ ಖಾಲಿ ಬಿಡುತ್ತಾರೆ ಎಂಬುದು ಫೋನಿಗೆ ಗೊತ್ತಿಲ್ಲ. ಅದನ್ನು ಪಕ್ಕದಲ್ಲಿ ನಿಂತು ನೋಡಬೇಕು.

ಗಂಗವ್ವ ಭೀಮಪ್ಪನ ಜೊತೆ ಊರಿಗೆ ಹೋಗಿ ದಿನಕರ್ಮ ಮುಗಿಸಿ ಬಂದಳು. ಹಣೆ ಬರಿದಾಗಿತ್ತು. ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು. ಅರ್ಧ ನಂಬಿದ್ದಳು, ಅರ್ಧ ನಂಬಿರಲಿಲ್ಲ, ಯಾರೂ ಆ ಬಗ್ಗೆ ಕೇಳಲಿಲ್ಲ. ಅದೇ ಶೆಡ್ಡಿನಲ್ಲಿ ಕಾಂಡಿ ಯಂತ್ರದ ಮೇಲೆ ನೂಲು ಸುತ್ತುವ ಕೆಲಸಕ್ಕೆ ಸೇರಿದಳು. ಹೆಸರು ಸೇರಿಸುವಾಗ ಸಿದ್ರಾಮಪ್ಪ, "ಮನಿಯವರ ನಂಬರ್ ಹೇಳವ್ವ, ನೀ ಬಂದೀ ಅಂತ ಯಾರಿಗೆ ಕಳಸೂದು?" ಎಂದು ಕೇಳಿದ. ಆಕೆ ಮಲ್ಲಪ್ಪನ ನಂಬರ್ ಹೇಳಿದಳು. ಆ ಫೋನು ಅವನ ಅಂಗಿಯ ಜೇಬಿನಲ್ಲೇ ಹೊಳೆ ಸೇರಿತ್ತು.

"ನಾ ಕೆಲಸಕ್ಕ ಬರಾಕತ್ತೇನಿ ಅಂತ ಅಂವಗ ಗೊತ್ತಾಗಬೇಕ್ರಿ. ನಾ ಹೆಂಗ ಇರತೇನೋ ಅಂತ ಚಿಂತಿ ಮಾಡ್ತಿರತಾನ."

ಮೆಸೇಜು ಹೋದ ಮೇಲೆ ಅದರ ಉತ್ತರ ಯಂತ್ರಕ್ಕೆ ಬರುತ್ತದೆ. ತಲುಪಿದರೆ ಹೆಸರಿನ ಮುಂದೆ ಹಸಿರು ಚುಕ್ಕೆ, ತಲುಪದಿದ್ದರೆ ಕೆಂಪು. ಬಂದ್ ಆದ ನಂಬರಿಗೆ ಕೆಂಪು ಬರಲೇಬೇಕು. ಗಂಗವ್ವನ ಹೆಸರಿನ ಮುಂದೆ ಕೆಂಪೂ ಬರಲಿಲ್ಲ, ಹಸಿರೂ ಬರಲಿಲ್ಲ. ನಾನು ಒಳಗೆ ಹೊಕ್ಕು ನೋಡಿದೆ. ಹೌದೂ ಅಲ್ಲ, ಅಲ್ಲವೂ ಅಲ್ಲ, ನಲ್ ಕೂಡ ಅಲ್ಲ. ಅನ್‌ಡಿಫೈನ್ಡ್. ಹೆಸರು ಹಚ್ಚಿದ ಡಬ್ಬಿ, ಇನ್ನೂ ಯಾರೂ ಏನೂ ಹಾಕಿರಲಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ಕಾರಣ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಗಂಗವ್ವ ದಿನವೂ ಸಂಜೆ ಮನೆಗೆ ಹೋಗುವಾಗ "ಮುಟ್ಟಿತೇನ್ರಿ?" ಎಂದು ಕೇಳುತ್ತಿದ್ದಳು. ಸಿದ್ರಾಮಪ್ಪ ‘ಇಲ್ಲ’ ಎನ್ನುವವನಲ್ಲ. "ಹಾದ್ಯಾಗ ಐತವ್ವ" ಎನ್ನುತ್ತಿದ್ದ.

ನಾನು ಗಡಹಿಂಗ್ಲಜದ ಕಾಲೇಜಿಗೆ ಬಂದೆ, ಅಲ್ಲಿಯ ಕೆಲಸವೂ ಮುಗಿಯಿತು. ನಿವೃತ್ತಿಯಾಗಿ ಸ್ವಲ್ಪ ದಿನಕ್ಕೆ, ಅವ್ವನ ಕಾಲದ ಡಬ್ಬಿಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದೆ, ಮುಂಜಾನೆ ಸಿದ್ರಾಮಪ್ಪನ ಫೋನು ಬಂತು.

"ಬಾಯಾರ, ಹಸರ ಚುಕ್ಕಿ ಬಂದೇತ್ರಿ. ಮಲ್ಲಪ್ಪನ ನಂಬರಿಗೆ ಮುಟ್ಟೇತಿ ಅಂತ ತೋರಸಾಕತ್ತೇತಿ."

ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟೆ. "ಹಳೇ ನಂಬರ್ ಬ್ಯಾರೆಯವರಿಗೆ ಕೊಡತಾರ ಸಿದ್ರಾಮಪ್ಪ. ಯಾರಿಗೋ ಕೊಟ್ಟಿರಬೇಕು."

"ಅದು ನನಗೂ ಗೊತ್ತೈತ್ರಿ. ಗಂಗವ್ವ ಇಲ್ಲೇ ನಿಂತಾಳ. ಏನ್ ಹೇಳ್ಲಿ?"

ಹೌದು ಮತ್ತು ಅಲ್ಲ, ಎರಡನ್ನೇ ಕಲಿಸುತ್ತ ಆಯುಷ್ಯ ಕಳೆದವಳಿಗೆ ಎರಡೂ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಫೋನು ಆಕೆಯ ಕೈಗೆ ಹೋಗಿತ್ತು. ಬಳೆಯ ಸದ್ದು ಕೇಳಿಸಿತು.

"ಕೇಳಸ್ಕೊಂಡೇನ್ರಿ ಬಾಯಾರ. ಯಾರಿಗರೆ ಕೊಟ್ಟಿರಲಿ. ಮುಟ್ಟಿತಲ್ಲ, ಸಾಕು. ಇನ್ನ ಅಂವಗ ಚಿಂತಿಲ್ಲ."

ಮರುದಿನ ಸಿದ್ರಾಮಪ್ಪ ಮತ್ತೆ ಫೋನು ಮಾಡಿದ. ಗಂಗವ್ವ ನಸುಕಿನಲ್ಲೇ ಹೊಳೆಗೆ ಹೋಗಿ ಬಂದಳಂತೆ. "ಬಳಿ ಹೆಚ್ಚಾದುವ್ರಿ ಬಾಯಾರ" ಎಂದ. ಹಿಂದೆ ಕಾಂಡಿ ಯಂತ್ರ ತಿರುಗುವ ಸದ್ದು ಬರುತ್ತಿತ್ತು. ಆ ನಂಬರ್ ತೆಗೆದುಬಿಡಲೇ ಎಂದು ಅವನು ಕೇಳಿದ್ದಕ್ಕೆ, ಇರಲಿ ಬಿಡ್ರಿ ಎಂದಳಂತೆ.

ಹಾಗಾಗಿ ಈಗಲೂ ಪ್ರತಿ ಮುಂಜಾನೆ ‘ಗಂಗವ್ವ ಕೆಲಸಕ್ಕ ಬಂದಾಳ’ ಎಂದು ಆ ನಂಬರಿಗೆ ಹೋಗುತ್ತದೆ, ಹಸಿರು ಚುಕ್ಕೆ ಬರುತ್ತದೆ. ಗುರುತಿಲ್ಲದ ಹೆಂಗಸಿನ ಹಾಜರಿ ದಿನವೂ ಫೋನಿಗೆ ಬಂದರೆ ಯಾರಾದರೂ ಒಂದು ಸಲ ಬೈದಾರು, ಗಂಗವ್ವ ಯಾರು ಎಂದಾದರೂ ಕೇಳಿಯಾರು. ಆ ಕಡೆಯಿಂದ ಇದುವರೆಗೆ ಯಾರೂ ಕೇಳಿಲ್ಲ.